ಅಮ್ಮನ ಹೊಟ್ಟೆ ಮತ್ತು ಪೂರ್ತಿ ಹೆಸರಿಲ್ಲದ ಕ್ಯಾಪ್ಸೂಲ್: ಒಂದು ಪ್ರೊಬಯಾಟಿಕ್ ಪ್ರಕರಣ

ಅಮ್ಮನಿಗೆ ಆಗ 71 ವರ್ಷ. ಎಡಗಾಲಿನ ಮೀನಖಂಡದ ಹತ್ತಿರ ಚರ್ಮ ಕೆಂಪಾಗಿ ಊದಿಕೊಂಡಿತ್ತು, ಮುಟ್ಟಿದರೆ ಬಿಸಿ. ವೈದ್ಯರು ನೋಡಿ ಸೆಲ್ಯುಲೈಟಿಸ್, ಅಂದರೆ ಚರ್ಮದ ಸೋಂಕು ಎಂದರು. ಪೆನಿಸಿಲಿನ್ ಅಮ್ಮನಿಗೆ ಆಗುವುದಿಲ್ಲ, ಮೈಯೆಲ್ಲ ದದ್ದು ಏಳುತ್ತದೆ. ಹಾಗಾಗಿ ಏಳು ದಿನಕ್ಕೆ ಕ್ಲಿಂಡಾಮೈಸಿನ್ ಎಂಬ ಆಂಟಿಬಯಾಟಿಕ್ ಬರೆದುಕೊಟ್ಟರು. ಕಾಲು ಚೆನ್ನಾಗಿಯೇ ವಾಸಿಯಾಯಿತು. ಕೆಟ್ಟಿದ್ದು ಹೊಟ್ಟೆ.

ನಾನು ಫಾರ್ಮಸಿಸ್ಟ್. ಔಷಧಿಗಳ ನಡುವೆಯೇ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಆದರೂ ಅಮ್ಮನ ವಿಷಯದಲ್ಲಿ ಒಂದು ವಾರ ತಪ್ಪು ದಾರಿಯಲ್ಲಿ ಹೋದೆ. ಆ ವಾರ ನಾನು ನಂಬಿಕೊಂಡಿದ್ದು ಪ್ರೊಬಯಾಟಿಕ್ ಅನ್ನು, ಅಂದರೆ ಹೊಟ್ಟೆಗೆ ಒಳ್ಳೆಯದೆಂದು ಕೊಡುವ ಜೀವಂತ ಸೂಕ್ಷ್ಮಜೀವಿಗಳನ್ನು. ಮುಂದೆ ಅದೇ ಅಮ್ಮನಿಗೆ ಇನ್ನೊಂದು ಪ್ರೊಬಯಾಟಿಕ್ ಅನ್ನು ಯೋಚಿಸಿ, ವೈದ್ಯರನ್ನು ಕೇಳಿ, ಸರಿಯಾದ ಹೊತ್ತಿಗೆ ಕೊಟ್ಟೆವು. ಎರಡೂ ಒಂದೇ ದೇಹದಲ್ಲಿ, ಒಂದೇ ವರ್ಷದೊಳಗೆ ನಡೆದದ್ದು. ಹಾಗಾಗಿ ಇದನ್ನು ಪೂರ್ತಿಯಾಗಿ ಬರೆದಿಡಬೇಕು ಅನಿಸಿತು. ದಿನದಿನದ ವಿವರ ನನ್ನ ನೋಟ್‌ಬುಕ್‌ನಲ್ಲಿದೆ. ಬರೆಯಲು ಅಮ್ಮನೂ ಒಪ್ಪಿದ್ದಾರೆ.

ಮೊದಲ ಹನ್ನೆರಡು ದಿನ

ಕ್ಲಿಂಡಾಮೈಸಿನ್ ಶುರುವಾಗಿ ಐದನೇ ದಿನ ಅಮ್ಮನಿಗೆ ಎರಡು ಸಲ ತೆಳ್ಳಗೆ ಭೇದಿಯಾಯಿತು. ಆಂಟಿಬಯಾಟಿಕ್ ತೆಗೆದುಕೊಂಡರೆ ಹೀಗಾಗುವುದು ಸಾಮಾನ್ಯ, ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಮನೆಯಲ್ಲಿ ಒಂದು ಡಬ್ಬಿ ಪ್ರೊಬಯಾಟಿಕ್ ಕ್ಯಾಪ್ಸೂಲ್ ಇತ್ತು. ದಿನಕ್ಕೆ ಎರಡು ಕೊಡಲು ಶುರು ಮಾಡಿದೆ.

ಏಳನೇ ದಿನಕ್ಕೆ ಕ್ಲಿಂಡಾಮೈಸಿನ್ ಮುಗಿಯಿತು. ಭೇದಿ ನಿಲ್ಲಲಿಲ್ಲ. ಎಂಟನೇ ದಿನ ನಾಲ್ಕು ಸಲ, ಒಂಬತ್ತನೇ ದಿನ ಏಳು ಸಲ. ರಕ್ತ ಇರಲಿಲ್ಲ, ಬರೀ ನೀರು. ಕೆಳಹೊಟ್ಟೆಯಲ್ಲಿ ಹಿಂಡಿದ ಹಾಗೆ ನೋವು. ಸಂಜೆ ಹೊತ್ತಿಗೆ ಮೈ ಸ್ವಲ್ಪ ಬೆಚ್ಚಗಾಗುತ್ತಿತ್ತು. ನೋಟ್‌ಬುಕ್‌ನಲ್ಲಿ ಆ ದಿನ ನಾನೇ ಬರೆದ ಸಾಲು ಇದೆ: "ಒಳ್ಳೆ ಬ್ಯಾಕ್ಟೀರಿಯಾ ಬೆಳೆಯಲು ಟೈಮ್ ಬೇಕು. ಇನ್ನೆರಡು ದಿನ ನೋಡೋಣ." ಆ ಸಾಲು ಓದಿದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹತ್ತನೇ ದಿನ ಭೇದಿ ನಿಲ್ಲಿಸುವ ಲೋಪರಮೈಡ್ ಮಾತ್ರೆ ಕೈಗೆ ತೆಗೆದುಕೊಂಡಿದ್ದೆ. ಜ್ವರ ಇದೆಯಲ್ಲ ಎಂದು ನೆನಪಾಗಿ ವಾಪಸ್ ಇಟ್ಟೆ. ಆ ಇಡೀ ವಾರದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸಗಳೆಂದರೆ ಅದು, ಮತ್ತು ಬಿಡದೆ ಓಆರ್‌ಎಸ್ ಕುಡಿಸಿದ್ದು.

ಹನ್ನೆರಡನೇ ದಿನ ಬೆಳಿಗ್ಗೆ ಅಮ್ಮ ಹಾಸಿಗೆಯಿಂದ ಎದ್ದು ನಿಂತವರು ಹಾಗೇ ಗೋಡೆ ಹಿಡಿದು ಕುಸಿದರು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬಿಳಿ ರಕ್ತಕಣ 16,800. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ 1.6. ಮಲ ಪರೀಕ್ಷೆಯಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ (ಚಿಕ್ಕದಾಗಿ ಸಿ. ಡಿಫಿಸಿಲ್) ಎಂಬ ಬ್ಯಾಕ್ಟೀರಿಯಾದ ವಿಷ ಸಿಕ್ಕಿತು. ಬಿಳಿ ಕಣ 15,000 ಮುಟ್ಟಿದರೂ ಸಾಕು, ಕ್ರಿಯಾಟಿನಿನ್ 1.5 ದಾಟಿದರೂ ಸಾಕು, ಇದನ್ನು ತೀವ್ರ ಎಂದೇ ಲೆಕ್ಕ ಹಿಡಿಯುತ್ತಾರೆ. ಅಮ್ಮನಲ್ಲಿ ಎರಡೂ ಇದ್ದವು.

ವೈದ್ಯರು ನನ್ನ ಮೇಲೆ ಸಿಟ್ಟಾಗಲಿಲ್ಲ. "ಏನೇನು ಕೊಟ್ಟಿದ್ದೀರಿ?" ಎಂದು ಕೇಳಿದರು. ಡಬ್ಬಿ ತೋರಿಸಿದೆ. ಅದನ್ನು ತಿರುಗಿಸಿ ನೋಡಿ, "ಇದರಲ್ಲಿ ಯಾವ ತಳಿ ಇದೆ?" ಎಂದರು. ಡಬ್ಬಿಯ ಮೇಲೆ ಲ್ಯಾಕ್ಟೋಬ್ಯಾಸಿಲಸ್ ಎಂದಷ್ಟೇ ಇತ್ತು. ಅದು ಒಂದು ದೊಡ್ಡ ಬ್ಯಾಕ್ಟೀರಿಯಾ ಗುಂಪಿನ ಹೆಸರು, ಒಳಗಿರುವ ತಳಿಯದ್ದಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೊಟ್ಟೆಯೊಳಗೆ ಆಗಿದ್ದೇನು

ಇದು ಗೊತ್ತಾದರೆ ಆ ಕ್ಯಾಪ್ಸೂಲ್ ಯಾಕೆ ಸೋತಿತು ಅನ್ನುವುದೂ ಗೊತ್ತಾಗುತ್ತದೆ.

ಸಿ. ಡಿಫಿಸಿಲ್ ಹೊಸ ಜೀವಿಯೇನಲ್ಲ. 1935ರಲ್ಲೇ ನವಜಾತ ಶಿಶುಗಳ ಮಲದಲ್ಲಿ ಇದನ್ನು ಕಂಡಿದ್ದರು. ಪ್ರಯೋಗಾಲಯದಲ್ಲಿ ಬೆಳೆಸಲು ತುಂಬಾ ಕಷ್ಟವಾಗಿದ್ದರಿಂದ ಈ ಹೆಸರು ಬಂತು. ಆಂಟಿಬಯಾಟಿಕ್ ನಂತರದ ಕರುಳಿನ ಉರಿಯೂತಕ್ಕೆ ಇದೇ ಕಾರಣ ಎಂದು ಗೊತ್ತಾಗಿದ್ದು 1978ರ ಹೊತ್ತಿಗೆ. ಆ ಕಾಲದಲ್ಲಿ ಹೆಚ್ಚು ಸುದ್ದಿಯಾಗಿದ್ದೂ ಕ್ಲಿಂಡಾಮೈಸಿನ್ ತೆಗೆದುಕೊಂಡವರ ಪ್ರಕರಣಗಳೇ.

ಇದು ಬೀಜಕಣದ ರೂಪದಲ್ಲಿ, ಅಂದರೆ ಗಟ್ಟಿ ಚಿಪ್ಪಿನೊಳಗೆ ನಿದ್ರಿಸುವ ರೂಪದಲ್ಲಿ, ಎಲ್ಲೆಲ್ಲೂ ಸಿಗುತ್ತದೆ. ಎಷ್ಟೋ ಜನ ನುಂಗಿರುತ್ತಾರೆ, ಏನೂ ಆಗಿರುವುದಿಲ್ಲ. ಯಾಕೆಂದರೆ ಕರುಳಿನಲ್ಲಿ ಕಾವಲಿದೆ. ಪಿತ್ತಕೋಶದಿಂದ ಬರುವ ಪಿತ್ತ ಲವಣಗಳು ಈ ಬೀಜಕಣಕ್ಕೆ ಮೊಳಕೆ ಬರಿಸುತ್ತವೆ. ಆದರೆ ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಆ ಲವಣಗಳನ್ನು ಬೇರೆ ರೂಪಕ್ಕೆ ತಿರುಗಿಸುತ್ತವೆ. ಆ ಬೇರೆ ರೂಪ ಸಿ. ಡಿಫಿಸಿಲ್ ಬೆಳೆಯದಂತೆ ತಡೆಯುತ್ತದೆ. ಕ್ಲಾಸ್ಟ್ರಿಡಿಯಂ ಸಿಂಡೆನ್ಸ್ ಎಂಬುದು ಅಂಥ ಒಂದು ಕೆಲಸಗಾರ. ಕ್ಲಿಂಡಾಮೈಸಿನ್ ಕಾಲಿನ ಸೋಂಕನ್ನು ಕೊಲ್ಲುವಾಗ ಇವರನ್ನೂ ಕೊಂದಿತು. ಕಾವಲು ಹೋಯಿತು, ಬೀಜಕಣ ಮೊಳೆಯಿತು, ವಿಷ ಬಿಡಲು ಶುರು ಮಾಡಿತು.

ಈಗ ನನ್ನ ಕ್ಯಾಪ್ಸೂಲ್ ಕಡೆ ನೋಡಿ. ಅದರಲ್ಲಿದ್ದದ್ದು ಲ್ಯಾಕ್ಟೋಬ್ಯಾಸಿಲಸ್. ಪಿತ್ತ ಲವಣವನ್ನು ಸಿಂಡೆನ್ಸ್ ತಿರುಗಿಸುವ ಹಾಗೆ ತಿರುಗಿಸುವ ಶಕ್ತಿ ಅದಕ್ಕಿಲ್ಲ. ಅದು ಆಮ್ಲ ಬಿಡಬಹುದು, ಜಾಗ ಹಿಡಿದುಕೊಳ್ಳಬಹುದು, ಬೇರೆ ರೀತಿಯಲ್ಲಿ ನೆರವಾಗಬಹುದು. ಆದರೆ ಶತ್ರು ಆಗಲೇ ಒಳಗೆ ಕೂತು ವಿಷ ಕಾರುತ್ತಿರುವಾಗ ಅದನ್ನು ಹೊರಹಾಕುವ ಕೆಲಸ ಅದರದ್ದಲ್ಲ. ಜೊತೆಗೆ ಮೊದಲ ಮೂರು ದಿನ ಕ್ಲಿಂಡಾಮೈಸಿನ್ ನುಂಗಿದ ಕ್ಷಣದಲ್ಲೇ ಈ ಕ್ಯಾಪ್ಸೂಲನ್ನೂ ನುಂಗಿಸಿದ್ದೆ. ಬ್ಯಾಕ್ಟೀರಿಯಾ ಇರುವ ಪ್ರೊಬಯಾಟಿಕ್ ಆದರೆ ಆಂಟಿಬಯಾಟಿಕ್‌ಗೂ ಅದಕ್ಕೂ ಕನಿಷ್ಠ ಎರಡು ಗಂಟೆ ಅಂತರ ಇಡಬೇಕು ಎಂದು ಬೇರೆಯವರಿಗೆ ನಾನೇ ಹೇಳುತ್ತಿದ್ದೆ. ಅಮ್ಮನ ವಿಷಯದಲ್ಲಿ ಮರೆತೆ.

ಅಮ್ಮನಿಗೆ ಅಪಾಯ ಜಾಸ್ತಿ ಇತ್ತು ಅನ್ನುವುದನ್ನೂ ನಾನು ಮೊದಲೇ ಗುರುತಿಸಬೇಕಿತ್ತು. ವಯಸ್ಸು 65 ದಾಟಿದೆ. ವರ್ಷಗಳಿಂದ ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಅದರ ಮೇಲೆ ಕ್ಲಿಂಡಾಮೈಸಿನ್. ಇಂಥವರಿಗೆ ದಿನಕ್ಕೆ ಮೂರು ಸಲ ಅಥವಾ ಅದಕ್ಕಿಂತ ಹೆಚ್ಚು ನೀರು ಭೇದಿಯಾದರೆ ಕಾಯುವುದಲ್ಲ, ಮಲ ಪರೀಕ್ಷೆ ಮಾಡಿಸಬೇಕು.

ಚಿಕಿತ್ಸೆ

ವ್ಯಾಂಕೊಮೈಸಿನ್ 125 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ, ಹತ್ತು ದಿನ, ಬಾಯಿಯ ಮೂಲಕ. ಇಲ್ಲಿ ಒಂದು ವಿಶೇಷ ಇದೆ. ಇದೇ ಔಷಧವನ್ನು ರಕ್ತನಾಳಕ್ಕೆ ಕೊಟ್ಟರೆ ಈ ಕಾಯಿಲೆಗೆ ಪ್ರಯೋಜನ ಇಲ್ಲ, ಅದು ದೊಡ್ಡ ಕರುಳಿನೊಳಗೆ ಇಳಿಯುವುದೇ ಇಲ್ಲ. ಬಾಯಿಂದ ಕೊಟ್ಟರೆ ರಕ್ತಕ್ಕೆ ಸೇರದೆ ಕರುಳಲ್ಲೇ ಉಳಿಯುತ್ತದೆ. ನಮಗೆ ಬೇಕಿದ್ದೂ ಅದೇ. ಆಮ್ಲದ ಮಾತ್ರೆ ನಿಜವಾಗಿ ಬೇಕಾ ಎಂದು ವೈದ್ಯರು ಪರಿಶೀಲಿಸಿ ನಿಲ್ಲಿಸಿದರು. ನನ್ನ ಕ್ಯಾಪ್ಸೂಲ್ ಕೂಡ ನಿಂತಿತು.

ನಾಲ್ಕನೇ ದಿನಕ್ಕೆ ಭೇದಿ ಎರಡು ಸಲಕ್ಕೆ ಇಳಿಯಿತು. ಆರನೇ ದಿನ ಮನೆಗೆ ಬಂದೆವು. ಮನೆಯಲ್ಲಿ ಸ್ಯಾನಿಟೈಸರ್ ಬಾಟಲಿಗಳನ್ನೆಲ್ಲ ಎತ್ತಿಟ್ಟು ಸೋಪು ಇಟ್ಟೆ. ಆಲ್ಕೋಹಾಲ್ ಸ್ಯಾನಿಟೈಸರ್‌ಗೆ ಈ ಬೀಜಕಣ ಸಾಯುವುದಿಲ್ಲ. ಸೋಪು ಹಾಕಿ ಉಜ್ಜಿ ನೀರಲ್ಲಿ ತೊಳೆದರೆ ಮಾತ್ರ ಕೈಯಿಂದ ಹೋಗುತ್ತದೆ.

ಮತ್ತೆ ಬಂತು

ಮಾತ್ರೆ ಮುಗಿದು ಹದಿನಾರನೇ ದಿನ ಮತ್ತೆ ಐದು ಸಲ ಭೇದಿ. ಅಮ್ಮ ಅಂದು ಅತ್ತರು. ನೋವಿಗಿಂತ ಹೆಚ್ಚಾಗಿ, "ಇದು ಹೋಗೋದೇ ಇಲ್ವಾ" ಅನ್ನುವ ಭಯಕ್ಕೆ. ಮೊದಲ ಸಲ ವಾಸಿಯಾದ ಐವರಲ್ಲಿ ಸುಮಾರು ಒಬ್ಬರಿಗೆ ಇದು ಮರುಕಳಿಸುತ್ತದೆ. ಔಷಧ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಬೀಜಕಣ ಉಳಿಯುತ್ತದೆ. ಕಾವಲುಗಾರರು ಇನ್ನೂ ಮರಳಿರುವುದಿಲ್ಲ. ವ್ಯಾಂಕೊಮೈಸಿನ್ ಕೂಡ ಆಂಟಿಬಯಾಟಿಕ್ಕೇ ತಾನೇ, ಅದು ಬಾಕಿ ಇದ್ದವರನ್ನೂ ಕೆಡವುತ್ತದೆ.

ಈ ಸಲ ಕಾಯಲಿಲ್ಲ. ಅದೇ ದಿನ ಪರೀಕ್ಷೆ, ಮರುದಿನ ಚಿಕಿತ್ಸೆ. ವ್ಯಾಂಕೊಮೈಸಿನ್ ಅನ್ನು ಹದಿನಾಲ್ಕು ದಿನ ಪೂರ್ತಿ ಕೊಟ್ಟು, ಆಮೇಲೆ ವಾರ ವಾರಕ್ಕೆ ಇಳಿಸುತ್ತಾ, ಕೊನೆಗೆ ಮೂರು ದಿನಕ್ಕೊಂದು ಸಲದ ಹಾಗೆ ಸುಮಾರು ಎಂಟು ವಾರ ಎಳೆಯುವ ಯೋಜನೆ ಹಾಕಿದರು. ಆಗ ನಾನು ಹಿಂಜರಿಯುತ್ತಲೇ ಕೇಳಿದೆ. ಪ್ರೊಬಯಾಟಿಕ್ ಏನಾದರೂ ಸೇರಿಸಬಹುದಾ?

ವೈದ್ಯರು ಕೂತು ಮಾತಾಡಿದರು. ಆ ಅರ್ಧ ಗಂಟೆಗೆ ನಾನು ಇಂದಿಗೂ ಋಣಿ. ಈ ಬರಹದ ಅರ್ಧ ಬಂದಿದ್ದೇ ಅಲ್ಲಿಂದ.

ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬುದು ಬ್ಯಾಕ್ಟೀರಿಯಾ ಅಲ್ಲ, ಒಂದು ಯೀಸ್ಟ್. 1920ರ ದಶಕದಲ್ಲಿ ಫ್ರಾನ್ಸಿನ ಹೆನ್ರಿ ಬೌಲಾರ್ಡ್ ಇದನ್ನು ಹಣ್ಣುಗಳ ಸಿಪ್ಪೆಯಿಂದ ಬೇರ್ಪಡಿಸಿದರು. ಯೀಸ್ಟ್ ಆದ್ದರಿಂದ ವ್ಯಾಂಕೊಮೈಸಿನ್ ಅದನ್ನು ಕೊಲ್ಲುವುದಿಲ್ಲ. ಕರುಳಲ್ಲಿ ಅದು ಮನೆ ಮಾಡಿಕೊಂಡು ಉಳಿಯುವುದೂ ಇಲ್ಲ, ಕೊಡುವುದು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಹೊರಟುಹೋಗುತ್ತದೆ. ಇರುವಷ್ಟು ದಿನ ಕೆಲಸ ಮಾಡುತ್ತದೆ. ಸಿ. ಡಿಫಿಸಿಲ್‌ನ ವಿಷವನ್ನು ಒಡೆಯುವ ಒಂದು ಕಿಣ್ವವನ್ನು ಅದು ಬಿಡುತ್ತದೆ ಎಂದು ಪ್ರಯೋಗಾಲಯದಲ್ಲಿ ನೋಡಿದ್ದಾರೆ.

1994ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಅಮ್ಮನಂಥವರ ಬಗ್ಗೆಯೇ ಇತ್ತು. ಲಿನ್ ಮ್ಯಾಕ್‌ಫಾರ್ಲೆಂಡ್ ಮತ್ತು ಜೊತೆಗಾರರು 124 ರೋಗಿಗಳಿಗೆ ಮಾಮೂಲಿ ಆಂಟಿಬಯಾಟಿಕ್ ಜೊತೆ ಬೌಲಾರ್ಡಿ ಅಥವಾ ಹುಸಿ ಮಾತ್ರೆ (ಒಳಗೆ ಔಷಧವಿಲ್ಲದ್ದು) ಕೊಟ್ಟರು. ಆಗಲೇ ಒಮ್ಮೆ ಮರುಕಳಿಸಿದ್ದವರಲ್ಲಿ ಹುಸಿ ಮಾತ್ರೆ ಪಡೆದವರ 64.7 ಶೇಕಡಾ ಜನರಿಗೆ ಮತ್ತೆ ಬಂತು. ಬೌಲಾರ್ಡಿ ಪಡೆದವರಲ್ಲಿ 34.6 ಶೇಕಡಾ. ಆದರೆ ಮೊದಲ ಸಲ ಕಾಯಿಲೆ ಬಂದವರಲ್ಲಿ ಗಮನಿಸುವಂಥ ವ್ಯತ್ಯಾಸ ಇರಲಿಲ್ಲ. ಮುಂದೆ 2000ದಲ್ಲಿ ಮಾಡಿದ ಇನ್ನೊಂದು ಅಧ್ಯಯನದಲ್ಲಿ ಲಾಭ ಕಂಡಿದ್ದು ಹೆಚ್ಚಿನ ಪ್ರಮಾಣದ ವ್ಯಾಂಕೊಮೈಸಿನ್ ಜೊತೆಗೆ ಕೊಟ್ಟಾಗ ಮಾತ್ರ. ಹೀಗೆ ಪುರಾವೆ ಇದೆ, ಗಟ್ಟಿಯಾಗಿಲ್ಲ. ಅಮೆರಿಕದ ಹೊಟ್ಟೆ-ಕರುಳು ತಜ್ಞರ ಸಂಘ 2020ರಲ್ಲಿ ಕೊಟ್ಟ ಸಲಹೆಯೂ ಬಿಗಿಯಾಗಿಯೇ ಇದೆ: ಸಿ. ಡಿಫಿಸಿಲ್ ಚಿಕಿತ್ಸೆಗೆಂದು ಪ್ರೊಬಯಾಟಿಕ್ ಬಳಸುವುದಾದರೆ ಅಧ್ಯಯನದ ಭಾಗವಾಗಿ ಮಾತ್ರ ಬಳಸಿ.

ಹಾಗಿದ್ದರೂ ವೈದ್ಯರು ಒಪ್ಪಿದ್ದಕ್ಕೆ ಕಾರಣ ಇತ್ತು. ಮುಖ್ಯ ಚಿಕಿತ್ಸೆ ನಡೆಯುತ್ತಿತ್ತು, ಇದು ಬರೀ ಜೊತೆಗಾರ. ಅಮ್ಮನ ರೋಗನಿರೋಧಕ ಶಕ್ತಿ ಸರಿಯಾಗಿತ್ತು. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್ ಇರಲಿಲ್ಲ. ಇವೆರಡನ್ನೂ ಅವರು ಮತ್ತೆ ಮತ್ತೆ ಕೇಳಿ ಖಚಿತ ಮಾಡಿಕೊಂಡರು. ಯಾಕೆಂದರೆ ಅಂಥ ಲೈನ್ ಇರುವವರ, ತುಂಬಾ ಬಲಹೀನರಾದವರ ರಕ್ತಕ್ಕೇ ಈ ಯೀಸ್ಟ್ ಸೇರಿ ಸೋಂಕು ಮಾಡಿದ ಪ್ರಕರಣಗಳಿವೆ. ಹಾಸಿಗೆಯ ಪಕ್ಕ ಕ್ಯಾಪ್ಸೂಲ್ ಬಿಚ್ಚಿದಾಗ ಹಾರಿದ ಪುಡಿಯಿಂದಲೂ ಹಾಗಾಗಬಹುದು.

500 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ನಾಲ್ಕು ವಾರ. 1994ರ ಅಧ್ಯಯನದಲ್ಲಿ ಕೊಟ್ಟ ಅಳತೆಯೇ ಅದು. ಅದು ಕೆಲಸ ಮಾಡದಿದ್ದರೆ ಮುಂದಿನ ಹೆಜ್ಜೆ ಆರೋಗ್ಯವಂತರ ಮಲದಿಂದ ತೆಗೆದ ಜೀವಿಗಳನ್ನು ಕರುಳಿಗೆ ಸೇರಿಸುವುದು ಎಂದೂ ವೈದ್ಯರು ಹೇಳಿದ್ದರು. ಕೇಳಲು ಮುಜುಗರ ಆಗುತ್ತದೆ, ಆದರೆ ಮತ್ತೆ ಮತ್ತೆ ಬರುವ ಸಿ. ಡಿಫಿಸಿಲ್‌ಗೆ ಇದರಷ್ಟು ಬಲವಾದ ಫಲಿತಾಂಶ ಕೊಟ್ಟ ಸೂಕ್ಷ್ಮಜೀವಿ ಚಿಕಿತ್ಸೆ ಬೇರೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. 2013ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಮಾಡಿದ ಅಧ್ಯಯನದಲ್ಲಿ ಒಂದೇ ಸಲಕ್ಕೆ 16 ಜನರಲ್ಲಿ 13 ಜನ ವಾಸಿಯಾದರು. ಬರೀ ವ್ಯಾಂಕೊಮೈಸಿನ್ ಪಡೆದ 13 ಜನರಲ್ಲಿ ನಾಲ್ವರು. ಇಲ್ಲಿ ಕೊಡುವುದು ಒಂದೆರಡು ತಳಿಯಲ್ಲ, ಇಡೀ ಊರನ್ನೇ. ಕಳೆದುಹೋದ ಸಿಂಡೆನ್ಸ್‌ನಂಥ ಕೆಲಸಗಾರರೂ ಅದರಲ್ಲಿ ಬರುತ್ತಾರೆ.

ನಮಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಎಂಟು ವಾರ ಮುಗಿಯಿತು. ಇನ್ನೂ ಎಂಟು ವಾರ ಕಳೆಯಿತು. ಕಾಯಿಲೆ ಬರಲಿಲ್ಲ. ಅಮ್ಮನಿಗೆ ಕಡಿಮೆಯಾದ ಆರು ಕಿಲೋ ತೂಕದಲ್ಲಿ ನಾಲ್ಕು ಮರಳಿತು.

ಮೂರನೇ ಸಲ ಬಾಗಿಲಲ್ಲೇ ತಡೆದದ್ದು

ಎಂಟು ತಿಂಗಳ ನಂತರ ಅಮ್ಮನಿಗೆ ಮೂತ್ರದ ಸೋಂಕು. ಆಂಟಿಬಯಾಟಿಕ್ ಬೇಕೇ ಬೇಕಿತ್ತು. ನಮ್ಮಿಬ್ಬರ ಎದೆಯೂ ಡವಡವ ಎನ್ನುತ್ತಿತ್ತು.

ಈ ಸಲ ಮೊದಲ ಮಾತೇ ಹಳೆಯ ಕಥೆ ಹೇಳಿದ್ದು. ವೈದ್ಯರು ಮೂತ್ರದ ಕಲ್ಚರ್ ನೋಡಿ ನೈಟ್ರೋಫ್ಯುರಾಂಟೊಯಿನ್ ಆಯ್ದುಕೊಂಡರು, ಐದೇ ದಿನಕ್ಕೆ. ಅದು ಮೂತ್ರದಲ್ಲಿ ಸೇರಿ ಕೆಲಸ ಮಾಡುವ ಔಷಧ, ಸಿ. ಡಿಫಿಸಿಲ್ ಬರಿಸುವ ಅಪಾಯ ಕಡಿಮೆ. ಬೌಲಾರ್ಡಿಯನ್ನು ಮೊದಲ ಮಾತ್ರೆಯ ದಿನವೇ ಶುರು ಮಾಡಿ, ಆಂಟಿಬಯಾಟಿಕ್ ಮುಗಿದ ಮೇಲೂ ಒಂದು ವಾರ ಮುಂದುವರಿಸಿದೆವು.

ಮೊದಲ ದಿನವೇ ಯಾಕೆ? 2017ರಲ್ಲಿ ಹತ್ತೊಂಬತ್ತು ಅಧ್ಯಯನಗಳನ್ನು, ಆರು ಸಾವಿರಕ್ಕೂ ಹೆಚ್ಚು ಆಸ್ಪತ್ರೆ ರೋಗಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡಿದ್ದು ಇದೇ. ಆಂಟಿಬಯಾಟಿಕ್ ಶುರುವಾದ ಎರಡು ದಿನದೊಳಗೆ ಪ್ರೊಬಯಾಟಿಕ್ ಕೊಟ್ಟರೆ ಲಾಭ ಜಾಸ್ತಿ, ತಡವಾದಷ್ಟೂ ಕಡಿಮೆ. ನಾನು ಮೊದಲ ಸಲ ಕೊಟ್ಟಿದ್ದು ಐದನೇ ದಿನ, ಭೇದಿ ಶುರುವಾದ ಮೇಲೆ. ತಡೆಯುವ ಹೊತ್ತು ಆಗಲೇ ದಾಟಿತ್ತು.

ಅದೇ ವರ್ಷದ ಕಾಕ್ರೇನ್ ವಿಮರ್ಶೆ, ಅಂದರೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ವರದಿ, ಈ ಪ್ರಶ್ನೆಗೆ 31 ಅಧ್ಯಯನಗಳನ್ನು ನೋಡಿತ್ತು. ಪ್ರೊಬಯಾಟಿಕ್ ಪಡೆದವರಲ್ಲಿ ಸಿ. ಡಿಫಿಸಿಲ್ ಭೇದಿ 1.5 ಶೇಕಡಾ, ಪಡೆಯದವರಲ್ಲಿ 4 ಶೇಕಡಾ. ಚೆನ್ನಾಗಿದೆ ಅಲ್ವಾ? ಆದರೆ ಒಳಗೆ ಹೋಗಿ ನೋಡಿದರೆ ಲಾಭವೆಲ್ಲ ಬಂದಿದ್ದು ಅಪಾಯ 5 ಶೇಕಡಾಕ್ಕಿಂತ ಜಾಸ್ತಿ ಇದ್ದ ಜನರಿಂದ. ಅಪಾಯ ಕಡಿಮೆ ಇರುವವರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಬ್ರಿಟನ್ನಿನ ಪ್ಲಾಸೈಡ್ ಅಧ್ಯಯನ ಇನ್ನೂ ನೇರವಾಗಿ ಹೇಳಿತು. 2013ರಲ್ಲಿ ಪ್ರಕಟವಾದ ಅದರಲ್ಲಿ 65 ದಾಟಿದ 2,900ಕ್ಕೂ ಹೆಚ್ಚು ಜನ ಇದ್ದರು. ಲ್ಯಾಕ್ಟೋಬ್ಯಾಸಿಲಸ್ ಮತ್ತು ಬಿಫಿಡೋಬ್ಯಾಕ್ಟೀರಿಯಂ ಮಿಶ್ರಣ ಕೊಟ್ಟವರಲ್ಲಿ ಭೇದಿ 10.8 ಶೇಕಡಾ, ಹುಸಿ ಮಾತ್ರೆಯವರಲ್ಲಿ 10.4. ಏನೂ ಉಪಯೋಗವಾಗಲಿಲ್ಲ.

ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಯೋಚಿಸಬೇಕು. ನನಗೆ ತಿಳಿದಂತೆ "ಪ್ರೊಬಯಾಟಿಕ್ ಒಳ್ಳೆಯದಾ" ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ, "ಆಂಟಿಬಯಾಟಿಕ್ ಒಳ್ಳೆಯದಾ" ಎಂದು ಕೇಳಿದ ಹಾಗೆ. ಯಾವ ತಳಿ, ಯಾವ ಕಾಯಿಲೆಗೆ, ಯಾರಿಗೆ, ಯಾವಾಗ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಒಡಿಶಾದ ಹಳ್ಳಿಗಳಲ್ಲಿ ನಾಲ್ಕೂವರೆ ಸಾವಿರ ನವಜಾತ ಶಿಶುಗಳಿಗೆ ಒಂದು ನಿರ್ದಿಷ್ಟ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ತಳಿಯನ್ನು ಅದರ ಆಹಾರವಾದ ಸಕ್ಕರೆಯ ಜೊತೆ ಏಳು ದಿನ ಕೊಟ್ಟರು. ನಂಜು ಅಥವಾ ಸಾವು 9 ಶೇಕಡಾದಿಂದ 5.4ಕ್ಕೆ ಇಳಿಯಿತು. 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಆ ಫಲಿತಾಂಶ ಓದಿದಾಗ ನನಗೆ ಕಣ್ಣು ತುಂಬಿತ್ತು. ಅದೇ ಪ್ರೊಬಯಾಟಿಕ್ ಎಂಬ ಹೆಸರಿನಲ್ಲಿ 2008ರ ಡಚ್ ಅಧ್ಯಯನವೊಂದರಲ್ಲಿ ತೀವ್ರ ಮೇದೋಜೀರಕ ಗ್ರಂಥಿಯ ಉರಿಯೂತ ಇದ್ದವರಿಗೆ ಬೇರೆ ತಳಿಗಳನ್ನು ಕೊಟ್ಟಾಗ ಸತ್ತವರು 16 ಶೇಕಡಾ, ಹುಸಿ ಔಷಧದವರಲ್ಲಿ 6. ಹೆಸರು ಒಂದೇ, ಒಳಗಿರುವ ಜೀವಿ ಬೇರೆ, ರೋಗಿಯೂ ಬೇರೆ.

ಇನ್ನೊಂದು ವಿಷಯ. ಆಂಟಿಬಯಾಟಿಕ್ ಮುಗಿದ ಮೇಲೆ ಎಲ್ಲರೂ ಸುಮ್ನೆ ತಿಂಗಳುಗಟ್ಟಲೆ ಪ್ರೊಬಯಾಟಿಕ್ ನುಂಗುವುದನ್ನು ನಾನು ಈಗ ಪ್ರೋತ್ಸಾಹಿಸುವುದಿಲ್ಲ. ಇಸ್ರೇಲ್‌ನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಆಂಟಿಬಯಾಟಿಕ್ ಕೊಟ್ಟು ನೋಡಿದರು. ಹನ್ನೊಂದು ತಳಿಗಳ ಪ್ರೊಬಯಾಟಿಕ್ ಪಡೆದವರಲ್ಲಿ ಸ್ವಂತ ಕರುಳಿನ ಜೀವಿಗಳು ಮರಳುವುದು ಏನೂ ಕೊಡದೆ ಬಿಟ್ಟವರಿಗಿಂತ ತಡವಾಯಿತು. ಚಿಕ್ಕ ಅಧ್ಯಯನ, 21 ಜನ ಮಾತ್ರ. ಆದರೂ ಹೊಸಬರು ಜಾಗ ಹಿಡಿದರೆ ಹಳಬರಿಗೆ ಮರಳುವುದು ಕಷ್ಟ ಅನ್ನುವ ಸೂಚನೆ ಅದರಲ್ಲಿದೆ. ಅದಕ್ಕೇ ಅಮ್ಮನಿಗೆ ಒಂದು ವಾರಕ್ಕೆ ನಿಲ್ಲಿಸಿದೆವು.

ಐದು ದಿನ ಮುಗಿಯಿತು. ಆಮೇಲೆ ಮೂರು ತಿಂಗಳು ನೋಡಿದೆವು. ಒಂದು ದಿನವೂ ಭೇದಿ ಆಗಲಿಲ್ಲ. ಇದು ಬೌಲಾರ್ಡಿಯಿಂದಲೇ ಎಂದು ಹೇಳಲು ನನಗೆ ಹಕ್ಕಿಲ್ಲ. ಔಷಧವೇ ಸೌಮ್ಯವಾಗಿತ್ತು. ಆಮ್ಲದ ಮಾತ್ರೆ ನಿಂತಿತ್ತು. ಒಬ್ಬರ ಕಥೆಯಲ್ಲಿ ಇವನ್ನೆಲ್ಲ ಬಿಡಿಸಿ ನೋಡಲಾಗುವುದಿಲ್ಲ. ಆದರೆ ಮತ್ತೆ ಅದೇ ಸ್ಥಿತಿ ಬಂದರೆ ಮೂರನ್ನೂ ಹಾಗೆಯೇ ಮಾಡುತ್ತೇನೆ.

ಈಗ ಯಾರಾದರೂ ಬಂದು ಹೊಟ್ಟೆ ಕೆಟ್ಟಿದೆ, ಪ್ರೊಬಯಾಟಿಕ್ ಕೊಡಿ ಎಂದರೆ ನಾನು ಮೊದಲು ಕೇಳುವುದು ವಯಸ್ಸು, ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಸಲ, ಜ್ವರ ಇದೆಯಾ, ಇತ್ತೀಚೆಗೆ ಯಾವ ಆಂಟಿಬಯಾಟಿಕ್ ತೆಗೆದುಕೊಂಡಿರಿ ಎಂದು. ಮೂರು ತಿಂಗಳ ಹಿಂದಿನದಾದರೂ ಹೇಳಿ ಎನ್ನುತ್ತೇನೆ. ಕೆಲವರನ್ನು ಏನೂ ಕೊಡದೆ ನೇರವಾಗಿ ವೈದ್ಯರ ಹತ್ತಿರ ಕಳಿಸುತ್ತೇನೆ. ಕೊಡುವುದಾದರೆ ಡಬ್ಬಿಯ ಮೇಲೆ ತಳಿಯ ಪೂರ್ತಿ ಹೆಸರು, ಅವಧಿ ಮುಗಿಯುವ ದಿನದವರೆಗೂ ಎಷ್ಟು ಜೀವಂತ ಕಣ ಇರುತ್ತವೆ ಅನ್ನುವ ಲೆಕ್ಕ, ಇವೆರಡನ್ನೂ ತೋರಿಸಿ ಕೊಡುತ್ತೇನೆ.

ಅಮ್ಮನ ಔಷಧಿ ಚೀಲದಲ್ಲಿ ಈಗ ಒಂದು ಚೀಟಿ ಇದೆ. ಅವರೇ ತಮ್ಮ ಕೈಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ: "ಪೆನಿಸಿಲಿನ್ ಆಗಲ್ಲ. ಕ್ಲಿಂಡಾಮೈಸಿನ್ ತಗೊಂಡು ಸಿ. ಡಿಫಿಸಿಲ್ ಬಂದಿತ್ತು, ಎರಡು ಸಲ. ಆಂಟಿಬಯಾಟಿಕ್ ಕೊಡೋ ಮೊದಲು ದಯವಿಟ್ಟು ಇದನ್ನ ಓದಿ."